ಚಕ್ರತಾಳದ ಪರೀಕ್ಷೆ

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ನಾಲ್ಕು ಮ್ಯೂಸಿಕ್ ಪ್ಲೇಯರುಗಳಿವೆ. ನಾಲ್ಕಕ್ಕೂ ನಾಲ್ಕು ಬಗೆಯ ವೈರು. ಒಂದರದು ಸಿಕ್ಕಿದ ದಿನ ಇನ್ನೊಂದರದು ಕಾಣೆಯಾಗಿರುತ್ತದೆ. ಕೈಯಲ್ಲಿ ಮೊಬೈಲ್ ಇರುವಾಗ ಇವೆಲ್ಲ ಯಾಕೆ ಎಂದು ಬಂದವರು ಕೇಳುತ್ತಾರೆ. ಮನೆಯವರು ಕೇಳುವುದನ್ನು ಬಿಟ್ಟು ವರ್ಷಗಳಾದವು. ಅವರು ನನ್ನ ಎಡಗಡೆ ಕುಳಿತು ಏನನ್ನು ಹೇಳಿದರೂ ಎರಡೆರಡು ಸಲ ಹೇಳಬೇಕಾಗುತ್ತದೆ. ನನಗೆ ಗಮನವಿಲ್ಲ ಎಂದು ಹೆಂಡತಿಯ ದೂರು. ಸೂಕ್ಷ್ಮ ನಾದಕ್ಕೆ ಒಗ್ಗಿದ ಕಿವಿ ಒರಟು ಮಾತನ್ನು ತಡವಾಗಿ ಗ್ರಹಿಸುತ್ತದೆ ಎಂದು ನನ್ನ ಸಮಜಾಯಿಷಿ.

ಮೊದಲನೆಯದನ್ನು ಕೊಂಡದ್ದು 2004ರಲ್ಲಿ, ಬೆಂಗಳೂರಿನ ಮೆಜೆಸ್ಟಿಕ್ಕಿನ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ಉದ್ದ, ಒಳಗೆ 128 ಮೆಗಾಬೈಟ್ ಜಾಗ. ಅದಕ್ಕೂ ಮೂರು ವರ್ಷ ಮೊದಲು, 2001ರ ಅಕ್ಟೋಬರಿನಲ್ಲಿ, ಆಪಲ್‌ನವರು ಜೇಬಿನೊಳಗೆ ಸಾವಿರ ಹಾಡು ಎಂದು ಸಾರುತ್ತ 5 ಗಿಗಾಬೈಟಿನ ಐಪಾಡನ್ನು ಹೊರತಂದಿದ್ದರು. ನನ್ನ ಜೇಬಿಗೆ ಸಾವಿರ ಹಾಡಿನ ಯೋಗ್ಯತೆ ಇರಲಿಲ್ಲ. ಸಿ.ಡಿ.ಯಲ್ಲಿರುವ ನಾದವನ್ನು ಇದ್ದ ಹಾಗೆಯೇ ತುಂಬಿಸಿದರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಕು. ಅಂದರೆ ನನ್ನ ಪ್ಲೇಯರಿನಲ್ಲಿ ಹನ್ನೆರಡು ನಿಮಿಷ. ಯಕ್ಷಗಾನ ಬಯಲಾಟವಾದರೆ ಆರಂಭದಲ್ಲಿ ಬರುವ ಕೋಡಂಗಿಗಳು ಕುಣಿದು ಚೌಕಿಗೆ, ಅಂದರೆ ಬಣ್ಣದ ಕೋಣೆಗೆ, ಮರಳುವುದರೊಳಗೆ ಜಾಗ ಮುಗಿಯಿತು. ಎಂಪಿ ತ್ರೀ ಮಾಡಿ ಸೆಕೆಂಡಿಗೆ 128 ಕಿಲೋಬಿಟ್ಟಿಗೆ ಇಳಿಸಿದರೆ ಎರಡು ಗಂಟೆಗೆ ತುಸು ಮೇಲೆ, 64ಕ್ಕೆ ಇಳಿಸಿದರೆ ನಾಲ್ಕೂವರೆ ಗಂಟೆ. ನಾನು ದಕ್ಷಿಣ ಕನ್ನಡದವನು. ನಮ್ಮೂರಿನ ದೇವಸ್ಥಾನದಲ್ಲಿ ನಡೆದ ಒಂದು ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದ, ಹಳೆಯ ಕ್ಯಾಸೆಟ್ಟುಗಳು ನನ್ನಲ್ಲಿದ್ದವು. ಅದನ್ನು ಪೂರ್ತಿಯಾಗಿ ಹಿಡಿಸಬೇಕಾದರೆ 64ಕ್ಕೇ ಇಳಿಯಬೇಕಿತ್ತು. ಇಳಿದೆ.

ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ಮಾತಿಗೆ ಏನೂ ಕುಂದಾಗಲಿಲ್ಲ. ಕೃಷ್ಣನೂ ಕೌರವನೂ ಬಿ.ಎಂ.ಟಿ.ಸಿ. ಬಸ್ಸಿನ ಸದ್ದಿಗೂ ಜಗ್ಗದೆ ವಾದ ಮಾಡಿದರು. ಹಾಡುವ ಭಾಗವತರ ಪದವೂ ಪರವಾಗಿರಲಿಲ್ಲ. ಕೆಟ್ಟದ್ದು ಚಕ್ರತಾಳ, ಚೆಂಡೆ ಮದ್ದಳೆಗಳ ಜೊತೆ ಬಡಿಯುವ ಜೋಡಿ ತಾಳ. ಕಂಚಿನ ಆ ಖಣಿಲು ಎಲ್ಲಿಯೋ ಹೋಗಿ, ಬಾಣಲೆಯಲ್ಲಿ ಹಪ್ಪಳ ಅರಳುವಂಥ ಒಂದು ಸದ್ದು ಉಳಿದಿತ್ತು. ಚೆಂಡೆಗೆ ಪೆಟ್ಟು ಬೀಳುವ ಮೊದಲೇ ಪೆಟ್ಟಿನ ಉಸಿರು ಕೇಳುತ್ತಿತ್ತು. ಕೋಲು ಇನ್ನೂ ಗಾಳಿಯಲ್ಲಿರುವಾಗ ಸದ್ದು ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಇದು ಎಂಪಿ ತ್ರೀಯ ಜಾಣ ಜಿಪುಣತನದ ಫಲ ಎಂದು ಆಮೇಲೆ ಓದಿಕೊಂಡೆ. ಮದುವೆಯಲ್ಲಿ ಗಟ್ಟಿಮೇಳ ಬಾರಿಸುವ ಹೊತ್ತಿಗೆ ಪುರೋಹಿತರ ಮಂತ್ರ ಅವರ ತುಟಿಯಲ್ಲಿ ಕಾಣುತ್ತದೆಯೇ ಹೊರತು ನಮ್ಮ ಕಿವಿಗೆ ಬೀಳುವುದಿಲ್ಲ. ಬೀಳದ ಮಂತ್ರವನ್ನು ಹೊತ್ತು ಪ್ರಯೋಜನವೇನು ಎಂದು ಎಂಪಿ ತ್ರೀ ಅದನ್ನು ಕೈಬಿಡುತ್ತದೆ. ಸದ್ದನ್ನು ಪುಟ್ಟ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿಯೂ ಲೆಕ್ಕ ಹಾಕಿ ಬಿಸಾಡುತ್ತದೆ. ಬಿಟ್ಟುಗಳು ತೀರಾ ಕಡಿಮೆಯಾದಾಗ ಒಂದು ತುಣುಕಿನ ನಡುವೆ ಬಿದ್ದ ಪೆಟ್ಟಿನ ಕಲೆ ತುಣುಕಿನ ಉದ್ದಕ್ಕೂ ಹರಡಿಕೊಳ್ಳುತ್ತದೆ, ಪೆಟ್ಟಿಗಿಂತ ಹಿಂದಕ್ಕೂ. ಚೆಂಡೆಯ ಉಸಿರು ಅದೇ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಇದನ್ನು ಕಟ್ಟಿದವರಲ್ಲಿ ಒಬ್ಬರಾದ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಅವರು ಅಮೆರಿಕದ ಗಾಯಕಿ ಸುಸಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ ಒಂದು ಹಾಡನ್ನು ಮತ್ತೆ ಮತ್ತೆ ಕೇಳಿ, ಆಕೆಯ ದನಿ ಕೆಡದಂತೆ ಲೆಕ್ಕವನ್ನು ತಿದ್ದುತ್ತಾ ಹೋದರು. ಅವರಿಗೆ ಒಂದು ಚಕ್ರತಾಳದ ಕ್ಯಾಸೆಟ್ ಸಿಕ್ಕಿದ್ದರೆ ಇನ್ನೂ ಕೆಲವು ತಿಂಗಳ ಕೆಲಸ ಹೆಚ್ಚಾಗುತ್ತಿತ್ತು ಎಂದು ನನ್ನ ನಂಬಿಕೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಎರಡನೆಯದು ಬಂತು, ಮೂರನೆಯದು ಬಂತು. ಮೂರನೆಯದರಲ್ಲಿ ಭಾಗವತರು ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ‘ಸುಯ್’ ಎನ್ನುವ ಸದ್ದಿತ್ತು. ನಾನು ಮೊದಲು ಅದನ್ನು ಕ್ಯಾಸೆಟ್ಟಿನ ಮೇಲೆ ಹಾಕಿ ಬೈದೆ, ಆಮೇಲೆ ನೋಡಿದರೆ ಹಾಡು ನಿಲ್ಲಿಸಿದರೂ ಅದು ನಿಲ್ಲುತ್ತಿರಲಿಲ್ಲ. ನಾಲ್ಕನೆಯದರ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಈ ಬರಹವನ್ನು ಮನೆಯವರೂ ಓದುವ ಸಾಧ್ಯತೆಯಿದೆ.

ಹುಚ್ಚಿನ ಜೊತೆಗೆ ಒಂದು ಭಾಷೆಯನ್ನೂ ಕಲಿತೆ. ಈ ಲೋಕದ ವಿಮರ್ಶಕರು ಒಂದು ಪ್ಲೇಯರಿನ ದನಿಯನ್ನು ಬೆಚ್ಚಗಿದೆ ಎನ್ನುತ್ತಾರೆ, ಇನ್ನೊಂದರದು ತಣ್ಣಗಿದೆ ಎನ್ನುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಅಂಕಿಗಳನ್ನು ನಾದವಾಗಿ ಬಿಡಿಸುವ ಚಿಪ್ಪಿಗೆ ಅವರು ಡ್ಯಾಕ್ ಎನ್ನುತ್ತಾರೆ. ಐಪಾಡಿನಲ್ಲಿ ಮೊದಲು ವುಲ್ಫ್‌ಸನ್ ಕಂಪನಿಯ ಡ್ಯಾಕ್ ಇತ್ತು. 2007ರ ಕ್ಲಾಸಿಕ್ ಮಾದರಿಗೆ ಬರುವಾಗ ಸಿರಸ್ ಲಾಜಿಕ್‌ನದಾಯಿತು. ಹಳೆಯದೇ ಚೆನ್ನಾಗಿತ್ತು ಎನ್ನುವವರು ಇಂದಿಗೂ ಹಳೆಯ ಐಪಾಡುಗಳನ್ನು ಹುಡುಕಿ, ಬಿಚ್ಚಿ, ಹೊಸ ಬ್ಯಾಟರಿ ಹಾಕಿ ಸಾಕುತ್ತಾರೆ. ನಮ್ಮಲ್ಲಿ ಕಡಿದುಹೋದ ಮರದ ಮಾವಿನಕಾಯಿಯ ಉಪ್ಪಿನಕಾಯಿಯನ್ನು ನೆನೆಸಿಕೊಳ್ಳುವವರ ಮುಖದಲ್ಲಿ ಕಾಣುವ ಭಾವವೇ ಅವರ ಮುಖದಲ್ಲಿಯೂ ಇರುತ್ತದೆ.

ನಾನೂ ಒಂದು ನೋಟುಪುಸ್ತಕ ತೆಗೆದು ಅಂಕ ಕೊಡತೊಡಗಿದೆ. ನಾಲ್ಕನೆಯದರ ಪುಟದಲ್ಲಿ ನಾನೇ ಬರೆದ ಸಾಲು ಹೀಗಿದೆ: ‘ಮದ್ದಳೆ ನಡುವೆ ಗಂಭೀರವಾಗಿ ಕುಳಿತಿದೆ. ಚಕ್ರತಾಳ ತುಸು ಬಲಕ್ಕೆ ಸರಿದು ಪ್ರತ್ಯೇಕವಾಗಿ ಮಿನುಗುತ್ತದೆ. ವೇದಿಕೆಯೇ ಕಣ್ಣಿಗೆ ಕಟ್ಟುತ್ತದೆ. 10ಕ್ಕೆ 9.’ ಉಳಿದ ಮೂರರಲ್ಲೂ ಚಕ್ರತಾಳ ಬಲಕ್ಕೇ ಇತ್ತು, ಆದರೆ ಇಷ್ಟು ಮಿನುಗುತ್ತಿರಲಿಲ್ಲ. ಬೆಲೆಗೆ ತಕ್ಕ ಮಿನುಗು.

ಈ ಅಂಕಗಳಿಗೆ ಮೊದಲ ಪೆಟ್ಟು ಕೊಟ್ಟದ್ದು ಮಗಳು. ಕಾಲೇಜಿನಲ್ಲಿ ವಿಜ್ಞಾನ ಓದುವ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಅಭಿಪ್ರಾಯಗಳನ್ನು ಸಾಕುವುದು ಕಷ್ಟ. “ಅಪ್ಪ, ನಾಲ್ಕನೆಯದರ ದನಿ ಬೇರೆಯವಕ್ಕಿಂತ ಜೋರಾಗಿದೆ, ಅಷ್ಟೇ” ಎಂದಳು. ನಾನು ಒಪ್ಪಲಿಲ್ಲ. ಅವಳು ಎಲ್ಲವನ್ನೂ ಸಮಕ್ಕೆ ತಂದು ಕೇಳಿಸಿದಳು. ಒಪ್ಪಬೇಕಾಯಿತು. ದನಿ ಕೂದಲೆಳೆಯಷ್ಟು ಏರಿದರೆ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಚೆನ್ನ ಎಂದು ಗುರುತಿಸುತ್ತದೆ. ಒಂದೇ ಪಾತ್ರೆಯ ಪಾಯಸಕ್ಕೆ ಅರ್ಧ ಚಮಚ ತುಪ್ಪ ಹಾಕಿ ಕೊಟ್ಟರೆ ಅಡುಗೆಯವರೇ ಬೇರೆ ಎಂದು ನಾಲಗೆ ಹೇಳುವುದಿಲ್ಲವೇ, ಹಾಗೆ.

ಆಮೇಲೆ ನನ್ನ ಕಣ್ಣಿಗೆ ಟವೆಲ್ ಕಟ್ಟಿ ಪರೀಕ್ಷೆ ನಡೆಸಿದಳು. ಎರಡನೆಯದೋ ನಾಲ್ಕನೆಯದೋ ಹೇಳಬೇಕು, ಹತ್ತು ಸಲ. ಐದು ಸರಿಯಾದವು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು, ಟವೆಲ್ ಉಳಿಯುತ್ತಿತ್ತು. ‘ಸುಯ್’ ಎನ್ನುವ ಮೂರನೆಯದನ್ನು ಮಾತ್ರ ಪ್ರತಿ ಸಲವೂ ಹಿಡಿದೆ. ಒಂದೇ ಪ್ಲೇಯರಿನಲ್ಲಿ 64 ಕಿಲೋಬಿಟ್ಟಿನ ಹಪ್ಪಳವನ್ನೂ ಹತ್ತಕ್ಕೆ ಹತ್ತು ಹಿಡಿದೆ. 128ಕ್ಕೆ ಬಂದಾಗ ತಡವರಿಸಿದೆ. 320ನ್ನೂ ಮೂಲ ಫೈಲನ್ನೂ ಬೇರ್ಪಡಿಸಲು ಹೋಗಿ, ಮೂಲದ ಮುಂದೆ ಕುಳಿತು ಇದು ನಕಲು ಎಂದು ಆತ್ಮವಿಶ್ವಾಸದಿಂದ ಘೋಷಿಸಿದೆ. ಇಯರ್‌ಫೋನಿನ ರಬ್ಬರ್ ಬುರುಡೆಯನ್ನು ಸ್ವಲ್ಪ ಸಡಿಲಿಸಿದರೆ ಮಾತ್ರ ಮದ್ದಳೆಯ ತಳವೇ ಮಾಯ. ನೂರು ರೂಪಾಯಿಯ ಒಳಗಿನ ಆ ರಬ್ಬರು ಮಾಡುವಷ್ಟು ವ್ಯತ್ಯಾಸವನ್ನು ನನ್ನ ಎರಡನೆಯ, ನಾಲ್ಕನೆಯ ಪ್ಲೇಯರುಗಳ ನಡುವಿನ ಅಷ್ಟೂ ಸಾವಿರಗಳು ಮಾಡಲಿಲ್ಲ.

ಮಗಳು ಅಲ್ಲಿಗೇ ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಶಿಳ್ಳೆಯನ್ನು ಹಾಕಿ ಮೇಲಕ್ಕೆ ಏರಿಸುತ್ತಾ ಹೋದಳು. 12,000 ಹರ್ಟ್ಸ್ ದಾಟುತ್ತಿದ್ದಂತೆ ನನಗೆ ಮೌನ. ಅವಳು ಕಿವಿ ಮುಚ್ಚಿಕೊಂಡು ಮುಖ ಕಿವುಚುತ್ತಿದ್ದಳು. 128ರ ಎಂಪಿ ತ್ರೀ ಸಾಮಾನ್ಯವಾಗಿ ಬಿಸಾಡುವುದು 16,000ದ ಆಸುಪಾಸಿನಿಂದ ಮೇಲಿನದನ್ನು. ನನಗೆ ಕೇಳದ್ದನ್ನು ಎಂಪಿ ತ್ರೀ ಕಟ್ಟಿದವರು ಮೊದಲೇ ತೆಗೆದು ಕೊಟ್ಟಿದ್ದರು. ನಾನು ಹಣ ಕೊಟ್ಟು ಅದನ್ನು ವಾಪಸ್ ತರಿಸಿಕೊಂಡಿದ್ದೆ. ಒಂದೇ ಸಮಾಧಾನ, ನಾನು ಒಬ್ಬಂಟಿಯಲ್ಲ. 2014ರಲ್ಲಿ ಗಾಯಕ ನೀಲ್ ಯಂಗ್ ಪೋನೋ ಎಂಬ ಮೂರು ಮೂಲೆಯ ಪ್ಲೇಯರಿಗಾಗಿ ಜನರಿಂದ 60 ಲಕ್ಷ ಡಾಲರಿಗೂ ಹೆಚ್ಚು ಎತ್ತಿದರು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ನಾದವನ್ನು ಅಳೆದಿದ್ದರೆ ಅದರಲ್ಲಿ 1,92,000 ಸಲ ಅಳೆದದ್ದನ್ನೂ ನುಡಿಸಬಹುದಿತ್ತು. ಮನುಷ್ಯರಿಗೆ ಕೇಳದಷ್ಟು ಮೇಲಿನ ದನಿಯನ್ನು ಕೇಳುವ ಬಾವಲಿಗಳಿಗೆ ಕೊಂಡುಕೊಳ್ಳುವ ಶಕ್ತಿ ಇದ್ದಿದ್ದರೆ ಅದು ಇಂದಿಗೂ ಮಾರುಕಟ್ಟೆಯಲ್ಲಿ ಇರುತ್ತಿತ್ತು.

ಇಷ್ಟಾದರೂ ನನ್ನ ಬಳಿ ಒಂದು ಸಾಲು ಉಳಿದಿತ್ತು. “ಎಲ್ಲ ಸರಿ, ಚಕ್ರತಾಳ ಬಲಕ್ಕೆ ಸರಿದು ನಿಲ್ಲುವುದು? ಅದು ನನ್ನ ಕಲ್ಪನೆಯೇ?” ಎಂದು ನೋಟುಪುಸ್ತಕ ತೆರೆದು ತೋರಿಸಿದೆ. ಅವಳು ಓದಿ, ಫೈಲನ್ನು ತೆರೆದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕೇಳಿದಳು: “ಅಪ್ಪ, ಇದನ್ನು ಎಷ್ಟು ಮೈಕು ಇಟ್ಟು ರೆಕಾರ್ಡ್ ಮಾಡಿದ್ದರು?”

ಒಂದು. ಟೇಪ್‌ರೆಕಾರ್ಡರಿನದೇ ಮೈಕು. ಮೋನೋ. ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ನಾದ. ಅದರಲ್ಲಿ ಬಲಕ್ಕೆ ಸರಿಯಲು ಚಕ್ರತಾಳಕ್ಕೆ ಜಾಗವೇ ಇರಲಿಲ್ಲ.

“ಇಯರ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ” ಎಂದಳು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡೆ. ಚಕ್ರತಾಳ ಬಲಕ್ಕೇ ಇತ್ತು.

ಮರುದಿನ ಕಿವಿಯ ವೈದ್ಯರು ನನ್ನ ಎಡಗಿವಿಯಿಂದ ಕಡಲೆಕಾಳಿನ ಗಾತ್ರದ ಗುಗ್ಗೆಯನ್ನು ತೆಗೆದು ಟ್ರೇಯಲ್ಲಿಟ್ಟು ತೋರಿಸಿದರು. ಮನೆಗೆ ಬಂದು ಖಾನೆ ಎಳೆದೆ. ವೈರು ಸಿಕ್ಕಿದ್ದು ಎರಡನೆಯದರದು ಮಾತ್ರ. ಚಾರ್ಜ್ ಆಗುವವರೆಗೆ ಕಾದು, ಕಿವಿಗೆ ಹಾಕಿಕೊಂಡೆ. ಚಕ್ರತಾಳ ಭಾಗವತರ ಪಕ್ಕಕ್ಕೆ, ನಡುವಿಗೆ ಬಂದು ಕುಳಿತಿತ್ತು. ಅಡುಗೆಮನೆಯಿಂದ, ಎಡಗಡೆಯಿಂದ, ಊಟಕ್ಕೆ ಕರೆದದ್ದೂ ಒಂದೇ ಸಲಕ್ಕೆ ಕೇಳಿಸಿತು.