ಮನೆಗೆ 9.43 ಟ್ರಿಪ್, ಗೇಟಿಗೆ ಎಷ್ಟು ಅಡಿ?

ಒಂದು ಮನೆಯಿಂದ ದಿನಕ್ಕೆ 9.43 ಟ್ರಿಪ್. ಅಮೆರಿಕದಲ್ಲಿ ನನ್ನ ಥರದ ಕೆಲಸ ಮಾಡುವವರಿಗೆಲ್ಲ ಈ ಅಂಕಿ ಬಾಯಿಪಾಠ. ಐಟಿಇ ಅಂತ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಒಂದಿದೆ. ಅದರ ದಪ್ಪ ಕೈಪಿಡಿಯ ಹನ್ನೊಂದನೇ ಆವೃತ್ತಿ 2021ರಲ್ಲಿ ಬಂತು. ಅದರಲ್ಲಿ ಬಿಡಿ ಮನೆಗೆ ಕೊಟ್ಟಿರುವ ಸರಾಸರಿ ಇದು. ಹೋದರೆ ಒಂದು, ಬಂದರೆ ಒಂದು. ಮಗುವನ್ನು ಸ್ಕೂಲಿಗೆ ಬಿಟ್ಟು ಬಂದರೆ ಎರಡು. ಅಮೆಜಾನ್ ವ್ಯಾನ್ ಬಂದು ಹೋದರೆ ಮತ್ತೆರಡು.

ನಾನು ಕ್ಯಾಲಿಫೋರ್ನಿಯಾದ ಒಂದು ನಗರಸಭೆಯಲ್ಲಿ ಟ್ರಾನ್ಸ್‌ಪೋರ್ಟೇಶನ್ ಎಂಜಿನಿಯರ್. ಯಾರಾದರೂ ಜಾಗ ಕೊಂಡು ಅಪಾರ್ಟ್‌ಮೆಂಟೋ ಅಂಗಡಿಯೋ ಗೋಡೌನೋ ಕಟ್ಟಬೇಕು ಅಂದರೆ ನಕ್ಷೆ ಮೊದಲು ಪ್ಲಾನಿಂಗ್‌ನವರಿಗೆ ಬರುತ್ತದೆ. ಅವರು ಅದನ್ನು ಫೈರ್‌ನವರಿಗೆ, ನೀರಿನವರಿಗೆ, ನನಗೆ ಹಂಚುತ್ತಾರೆ. ರಸ್ತೆ, ಫುಟ್‌ಪಾತ್, ಡ್ರೈವ್‌ವೇ (ಕಟ್ಟಡದಿಂದ ರಸ್ತೆಗೆ ಕಾರು ಇಳಿಯುವ ದಾರಿ), ಸಿಗ್ನಲ್ ನನ್ನ ಪಾಲು. ಷರಾ ಬರೆದು ವಾಪಸ್ ಕಳಿಸುತ್ತೇನೆ, ಅವರು ತಿದ್ದಿ ತರುತ್ತಾರೆ, ಮತ್ತೆ ಷರಾ. ಊರಿಗೆ ಹೋದಾಗ ಮಾವನಿಗೆ ಇದನ್ನೆಲ್ಲ ವಿವರಿಸಿದೆ. "ಪ್ಲಾನ್ ಸ್ಯಾಂಕ್ಷನ್ ಕೆಲಸ ಅನ್ನಮ್ಮ! ಸಂಬಳ ಸರಿ, ಗಿಂಬಳ ಎಷ್ಟು?" ಅಂದರು. ಅವರ ಇಡೀ ಜೀವನದ ಅನುಭವ ಆ ಪ್ರಶ್ನೆಯಲ್ಲಿತ್ತು, ತಪ್ಪು ಹೇಳಲಾರೆ.

ಈ ಕೆಲಸದಲ್ಲಿದ್ದು ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಹೊಸ ಕಟ್ಟಡ ಬಂದಾಗ ಎಷ್ಟು ಕಾರು ಜಾಸ್ತಿಯಾಗುತ್ತವೆ ಅನ್ನುವುದರ ಮೇಲೆ ನಾವು ಎಲ್ಲ ಸಿಟ್ಟು, ಎಲ್ಲ ದುಡ್ಡು ಸುರಿಯುತ್ತೇವೆ. ಆ ಕಾರು ರಸ್ತೆಗೆ ಇಳಿಯುವ ಗೇಟಿನ ಹತ್ತಿರ ಏನಾಗುತ್ತದೆ ಅಂತ ಯಾರೂ ನೋಡುವುದಿಲ್ಲ. ಜನಕ್ಕೆ ಪೆಟ್ಟಾಗುವುದು ಅಲ್ಲಿ. ನನ್ನ ಷರಾ ನಡೆಯುವುದೂ ಅಲ್ಲೇ.

ಸಾರ್ವಜನಿಕ ಸಭೆಗೆ ಒಮ್ಮೆ ಬನ್ನಿ. ನೂರು ಮನೆಯ ಪ್ರಾಜೆಕ್ಟ್ ಅನ್ನಿ. "ದಿನಕ್ಕೆ ಸಾವಿರ ಕಾರು ನಮ್ಮ ಬೀದಿಗೆ!" ಅಂತ ಮೈಕಿನಲ್ಲಿ ಕೂಗು ಏಳುತ್ತದೆ. ಲೆಕ್ಕ ಸುಳ್ಳಲ್ಲ, 943. ಆದರೆ ಅದು ಇಡೀ ದಿನದ್ದು. ಸಂಜೆ ತೀರಾ ದಟ್ಟಣೆಯ ಒಂದು ಗಂಟೆಗೆ ಅದೇ ಕೈಪಿಡಿ ಮನೆಗೆ 0.94 ಕೊಡುತ್ತದೆ. ನೂರು ಮನೆಗೆ 94. ಅಂದರೆ ಎರಡು ನಿಮಿಷಕ್ಕೆ ಮೂರು ಕಾರು, ಬರುವವು ಹೋಗುವವು ಎಲ್ಲ ಸೇರಿ. ಬಿಡಿ ಮನೆಯ ಬದಲು ಅಪಾರ್ಟ್‌ಮೆಂಟ್ ಆದರೆ ಇನ್ನೂ ಕಡಿಮೆ. ಇದನ್ನು ಹೇಳಿದರೆ ನಾನು ಬಿಲ್ಡರ್ ಕಡೆಯವಳು. ಕನ್ನಡ ಕೂಟದಲ್ಲಿ ಪರಿಚಯವಿದ್ದ ಒಬ್ಬರು ಸಭೆ ಮುಗಿದ ಮೇಲೆ ಬಂದು, "ಏನು ಮೇಡಂ, ನಮ್ಮವರಾಗಿ ನೀವೇ ಹೀಗೆ ಮಾಡೋದಾ?" ಅಂತ ಬೇಜಾರು ಮಾಡಿಕೊಂಡರು. ಅವರ ಸ್ವಂತ ಬಡಾವಣೆಯ ಹಳೇ ಫೈಲು ನಮ್ಮಲ್ಲೇ ಇದೆ. ಆಗಲೂ ಅಕ್ಕಪಕ್ಕದವರು ಬಂದು ಇದೇ ಮಾತು ಹೇಳಿದ್ದರು. ಅದನ್ನು ಅವರಿಗೆ ಹೇಳಲಿಲ್ಲ, ಸುಮ್ನೆ ಯಾಕೆ.

ತಪ್ಪು ಜನರದ್ದಲ್ಲ. ಹೀಗೆ ಯೋಚಿಸಲು ಕಲಿಸಿದ್ದು ನಮ್ಮ ವೃತ್ತಿಯೇ. 1965ರ ಹೆದ್ದಾರಿ ಕೈಪಿಡಿಯಲ್ಲಿ 'ಲೆವೆಲ್ ಆಫ್ ಸರ್ವಿಸ್' ಅನ್ನುವ ಅಳತೆ ಬಂತು. ರಸ್ತೆಗೆ ಎ ಇಂದ ಎಫ್ ವರೆಗೆ ಶಾಲೆಯ ಗ್ರೇಡು. ಈಗಿನ ಲೆಕ್ಕದಲ್ಲಿ ಸಿಗ್ನಲ್ಲಿನಲ್ಲಿ ಒಂದು ಕಾರು ಸರಾಸರಿ 80 ಸೆಕೆಂಡಿಗಿಂತ ಜಾಸ್ತಿ ಕಾದರೆ ಎಫ್, ಫೇಲು. ಗ್ರೇಡು ಕೆಟ್ಟರೆ ಬಿಲ್ಡರ್ ರಸ್ತೆ ಅಗಲ ಮಾಡಿಸಬೇಕು, ಇನ್ನೊಂದು ತಿರುವಿನ ಲೇನ್ ಹಾಕಿಸಬೇಕು. ಕಾಯುವುದು ಕಾರಿನಲ್ಲಿ ಕೂತವರು ಮಾತ್ರ ಅಂತ ಈ ಗ್ರೇಡು ನಂಬಿದೆ. ನಡೆಯುವ ಅಜ್ಜಿಗೆ ಇದರಲ್ಲಿ ಲೆಕ್ಕವಿಲ್ಲ. ಸಿಗ್ನಲ್ಲಿನ ಸಮಯ ಹೊಂದಿಸುವಾಗ ನಡೆಯುವವರ ವೇಗ ಸೆಕೆಂಡಿಗೆ 3.5 ಅಡಿ ಅಂತ ಹಿಡಿಯುತ್ತೇವೆ. 12 ಅಡಿಯ ಒಂದು ಲೇನ್ ಸೇರಿಸಿದರೆ ದಾಟಲು ಸುಮಾರು ಮೂರೂವರೆ ಸೆಕೆಂಡು ಹೆಚ್ಚು ಬೇಕು. ಆ ಸೆಕೆಂಡನ್ನು ಮತ್ತೆ ಕಾರುಗಳಿಂದಲೇ ಕಿತ್ತುಕೊಳ್ಳಬೇಕು. ಕಾರಿಗೆ ಅಂತ ಅಗಲ ಮಾಡಿದ್ದು ಕಾರಿಗೂ ಪೂರ್ತಿ ಸಿಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದು ಇನ್ನೂ ವಿಚಿತ್ರ ರೂಪ ತಾಳಿತ್ತು. ಇಲ್ಲಿ 1970ರ ಪರಿಸರ ಕಾನೂನು ಒಂದಿದೆ. ಕಾರು ಸಿಗ್ನಲ್ಲಿನಲ್ಲಿ ಕಾಯುವುದನ್ನೂ ಅದರಡಿ ಪರಿಸರ ಹಾನಿ ಅಂತ ಎಣಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ನಗರ ಸೈಕಲ್ ಲೇನ್‌ಗಳ ಯೋಜನೆ ಮಾಡಿದಾಗ, ಪರಿಸರ ಅಧ್ಯಯನ ಮಾಡಿಲ್ಲ ಅಂತ ಕೋರ್ಟಿಗೆ ಹೋದರು. 2006ರಲ್ಲಿ ತಡೆಯಾಜ್ಞೆ ಬಂತು. ಅದು ಪೂರ್ತಿ ತೆರವಾಗಿದ್ದು 2010ರಲ್ಲಿ. ಸೈಕಲ್ಲಿಗೆ ಬಣ್ಣದ ಪಟ್ಟೆ ಬಳಿಯಲು ಪರಿಸರದ ಹೆಸರಲ್ಲಿ ನಾಲ್ಕು ವರ್ಷ ಅಡ್ಡಿ! ನಮ್ಮ ಊರಿನ ತಾಲೂಕು ಕಚೇರಿಯನ್ನು ಸುಮ್ನೆ ಬೈಯುತ್ತೇವೆ ಅನಿಸಿತು ನನಗೆ.

2013ರಲ್ಲಿ ಎಸ್‌ಬಿ 743 ಅನ್ನುವ ಕಾಯ್ದೆ ಇದನ್ನು ಬದಲಿಸಿತು. 2020ರ ಜುಲೈ 1ರಿಂದ ರಾಜ್ಯದ ಎಲ್ಲ ಕಡೆ ಜಾರಿ. ಈಗ ಆ ಪರಿಸರ ಲೆಕ್ಕದಲ್ಲಿ ಕಾರು ಎಷ್ಟು ಹೊತ್ತು ಕಾಯುತ್ತದೆ ಅಂತ ನೋಡುವಂತಿಲ್ಲ. ಜನ ಒಟ್ಟು ಎಷ್ಟು ಮೈಲಿ ಕಾರು ಓಡಿಸಬೇಕಾಗುತ್ತದೆ ಅಂತ ನೋಡಬೇಕು. ಹಳೇ ಲೆಕ್ಕದಲ್ಲಿ ರೈಲು ಸ್ಟೇಷನ್ ಪಕ್ಕದ ಅಪಾರ್ಟ್‌ಮೆಂಟಿಗೆ ಕಷ್ಟ, ಯಾಕಂದರೆ ಅಲ್ಲಿನ ಸಿಗ್ನಲ್ ಮೊದಲೇ ತುಂಬಿರುತ್ತದೆ. ಊರಾಚೆಯ ಖಾಲಿ ಹೊಲದಲ್ಲಿ ಮನೆ ಕಟ್ಟುವವನಿಗೆ ಸಲೀಸು. ಹೊಸ ಲೆಕ್ಕ ಇದನ್ನು ತಿರುಗಿಸಿ ಹಾಕಿತು. ಒಳ್ಳೆಯದೇ ಆಯಿತು. ಆದರೆ ಹಳೇ ಗ್ರೇಡು ಸತ್ತಿಲ್ಲ. ಬಹಳ ನಗರಗಳು ತಮ್ಮ ಸ್ವಂತ ನಿಯಮದಲ್ಲಿ ಅದನ್ನು ಹಾಗೇ ಇಟ್ಟುಕೊಂಡಿವೆ. ಹಾಗಾಗಿ ಒಂದರ ಬದಲು ಎರಡು ವರದಿ, ಕನ್ಸಲ್ಟೆಂಟಿಗೆ ಎರಡು ಬಿಲ್ಲು.

ಇನ್ನು ಗೇಟಿಗೆ ಬರೋಣ. ನಾನು ನಿಜವಾಗಿ ಕಣ್ಣಿಟ್ಟು ನೋಡುವುದು ಇದನ್ನು.

ಕಾರಿನಲ್ಲಿ ಕೂತವರ ಕಣ್ಣು ನೆಲದಿಂದ 3.5 ಅಡಿ ಎತ್ತರದಲ್ಲಿರುತ್ತದೆ ಅಂತ ನಮ್ಮ ಲೆಕ್ಕ. ಡ್ರೈವ್‌ವೇ ರಸ್ತೆಗೆ ಸೇರುವ ಕಡೆ ಎರಡೂ ಬದಿ ಒಂದು ತ್ರಿಕೋನ ಎಳೆದು, ಅದರೊಳಗೆ ಆ ಕಣ್ಣಿಗೆ ಅಡ್ಡ ಬರುವುದು ಏನೂ ಇರಬಾರದು ಅನ್ನುತ್ತೇವೆ. ಬಿಲ್ಡರುಗಳಿಗೆ ಆ ಮೂಲೆ ಅಂದರೆ ಪ್ರಾಣ. ಅಪಾರ್ಟ್‌ಮೆಂಟಿನ ಹೆಸರು ಕೆತ್ತಿದ ದೊಡ್ಡ ಕಲ್ಲು ಸರಿಯಾಗಿ ಅಲ್ಲೇ ಬೇಕು. ಕಲ್ಲು ತೆಗೆಸಿದರೆ ಅಲ್ಲಿಗೆ ಪೊದೆ ಬರುತ್ತದೆ. ನಕ್ಷೆಯಲ್ಲಿ ಪೊದೆ ಯಾವಾಗಲೂ ಪುಟ್ಟದು, ಪಾಪ. ಮೂರು ವರ್ಷ ಬಿಟ್ಟು ಹೋಗಿ ನೋಡಿ, ಫುಟ್‌ಪಾತ್ ಮೇಲೆ ಕಾಲಲ್ಲಿ ತಳ್ಳುವ ಆಟದ ಸ್ಕೂಟರಿನಲ್ಲಿ ಬರುವ ಮಗು ಅದರ ಹಿಂದೆ ಪೂರ್ತಿ ಮರೆ.

ಗೇಟಿನ ಜಾಗವೂ ಅಷ್ಟೇ. ರಿಮೋಟಿನಿಂದ ತೆಗೆಯುವ ಗೇಟು ಫುಟ್‌ಪಾತಿಗೆ ಅಂಟಿಕೊಂಡಿದ್ದರೆ, ತೆಗೆಯುವ ತನಕ ಕಾರು ಎಲ್ಲಿ ನಿಲ್ಲಬೇಕು? ಫುಟ್‌ಪಾತ್ ಮೇಲೆ. ನಡೆಯುವವರು ಕಾರನ್ನು ಸುತ್ತಿ ರಸ್ತೆಗೆ ಇಳಿಯುತ್ತಾರೆ. ಗೇಟನ್ನು ಒಂದು ಕಾರಿನಷ್ಟು ಒಳಗೆ ತಳ್ಳಿ ಅಂದರೆ ಆರ್ಕಿಟೆಕ್ಟ್ ಮುಖ ಸಣ್ಣಗಾಗುತ್ತದೆ. "ಎರಡು ಪಾರ್ಕಿಂಗ್ ಹೋಗುತ್ತೆ ಮೇಡಂ." ಹೋಗಲಿ. ಮುಖ್ಯ ರೈಲು-ಬಸ್ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಇಂತಿಷ್ಟು ಪಾರ್ಕಿಂಗ್ ಕೊಡಲೇಬೇಕು ಅಂತ ನಗರಗಳು ಹೇಳುವಂತಿಲ್ಲ ಅಂತ 2022ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ನೆಪ ಅರ್ಧ ಹೋಯಿತು.

ಆಮೇಲೆ ಮೂಲೆಯ ತಿರುವು. ಫೈರ್‌ನವರಿಗೆ ಲಾರಿ ತಿರುಗಲು ದೊಡ್ಡ ತಿರುವು ಬೇಕು. ತಿರುವು ದೊಡ್ಡದಾದಷ್ಟೂ ಕಾರುಗಳು ಬ್ರೇಕ್ ಹಾಕದೆ ತಿರುಗುತ್ತವೆ, ದಾಟುವ ದೂರವೂ ಹೆಚ್ಚು. ಇಲ್ಲಿ ನನಗೂ ಫೈರ್‌ನವರಿಗೂ ಜಗಳ ತಪ್ಪಿದ್ದಲ್ಲ. ಅವರ ಮಾತಿನಲ್ಲೂ ನ್ಯಾಯ ಇದೆ, ಅದೇ ಕಷ್ಟ. ಫುಟ್‌ಪಾತಿನ ಅಡ್ಡ ಇಳಿಜಾರು ಶೇ. 2 ದಾಟಿದರೆ ವೀಲ್‌ಚೇರ್ ರಸ್ತೆಯ ಕಡೆ ಎಳೆಯುತ್ತದೆ, ಡ್ರೈವ್‌ವೇ ಬಂದಲ್ಲೆಲ್ಲ ಇದು ಕೆಡುತ್ತದೆ. ಪಾರ್ಸೆಲ್ ವ್ಯಾನ್ ಎಲ್ಲಿ ನಿಲ್ಲುತ್ತದೆ ಅನ್ನುವುದಂತೂ ನಕ್ಷೆಗಳಲ್ಲಿ ಇರುವುದೇ ಅಪರೂಪ. ಸೈಕಲ್ ಲೇನ್‌ನಲ್ಲಿ ನಿಲ್ಲುತ್ತದೆ, ಇನ್ನೆಲ್ಲಿ.

"ಅವರ ಹತ್ತಿರ ಕೋಟಿಗಟ್ಟಲೆ ಇದೆ, ಇಡೀ ರಸ್ತೆ ಮಾಡಿಸಿಕೊಳ್ಳಿ" ಅಂತ ಹೇಳುವವರಿದ್ದಾರೆ. ಆಗುವುದಿಲ್ಲ. ಆರೆಗಾನ್ ರಾಜ್ಯದ ಟೈಗಾರ್ಡ್ ಊರಿನಲ್ಲಿ ಡೋಲನ್ ಅನ್ನುವವರು ತಮ್ಮ ಅಂಗಡಿ ದೊಡ್ಡದು ಮಾಡಲು ಹೋದಾಗ, ಜಾಗದ ಒಂದು ಭಾಗವನ್ನು ನೆರೆ ನೀರಿಗೆ ಮತ್ತು ಸೈಕಲ್ ದಾರಿಗೆ ಬಿಟ್ಟುಕೊಡಿ ಅಂತ ನಗರ ಷರತ್ತು ಹಾಕಿತು. 1994ರಲ್ಲಿ ಸುಪ್ರೀಂ ಕೋರ್ಟ್ ನಗರದ ವಿರುದ್ಧ ತೀರ್ಪು ಕೊಟ್ಟಿತು. ಕೇಳುವುದು ಆ ಕಟ್ಟಡದಿಂದ ಬೀಳುವ ಹೊರೆಗೆ ತಕ್ಕಷ್ಟೇ ಇರಬೇಕು, ಅದನ್ನು ನಗರ ತೋರಿಸಿಕೊಡಬೇಕು. 2024ರಲ್ಲಿ ನಮ್ಮದೇ ರಾಜ್ಯದ ಎಲ್ ಡೊರಾಡೊ ಕೌಂಟಿಯ ಇನ್ನೊಂದು ಕೇಸು ಅದೇ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಂದು ಸಣ್ಣ ರೆಡಿಮೇಡ್ ಮನೆ ಇಡಲು 23,420 ಡಾಲರ್ ಟ್ರಾಫಿಕ್ ಶುಲ್ಕ! ಶಾಸನ ಮಾಡಿ ಎಲ್ಲರಿಗೂ ಹಾಕುವ ಶುಲ್ಕವೂ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂತ ಕೋರ್ಟ್ ಹೇಳಿತು. ಅದಕ್ಕೇ ಹೇಳುವುದು, ಎರಡು ಮೈಲಿ ದೂರದ ಸಿಗ್ನಲ್ಲಿನ ಬಗ್ಗೆ ನನ್ನ ಷರಾ ನಿಲ್ಲುವುದು ಕಷ್ಟ. ಆ ಗೇಟಿನ ಬಗ್ಗೆ ಬರೆದದ್ದು ನಿಲ್ಲುತ್ತದೆ.

ಬೆಂಗಳೂರಿನ ಗೆಳೆಯರು ಕೇಳುತ್ತಿರುತ್ತಾರೆ, ನಮ್ಮಲ್ಲಿ ಇದೆಲ್ಲ ಸಾಧ್ಯವಾ ಅಂತ. ಅಲ್ಲಿನ ಕಾನೂನು ಬೇರೆ, ಆ ಕಚೇರಿಗಳಲ್ಲಿ ನಾನು ಕೆಲಸ ಮಾಡಿದವಳಲ್ಲ. ಆದರೆ ಸರ್ಜಾಪುರ ರಸ್ತೆಯಲ್ಲಿ ಓಡಾಡಿದ್ದೇನೆ. ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡ್ ಪಕ್ಕದ ಲೇಔಟಿನ ಕಾಂಪೌಂಡಿಗೆ ಬೆನ್ನು ಹಾಕಿ ನಿಂತಿರುತ್ತದೆ. ಗೋಡೆಯಾಚೆಯ ಗೆಳತಿಯ ಮನೆಗೆ ಹೋಗಲೂ ಮುಖ್ಯ ರಸ್ತೆಗೆ ಬಂದು ಯು ಟರ್ನ್ ಹೊಡೆಯಬೇಕು. 1898ರ ಪ್ಲೇಗ್ ಆದಮೇಲೆ ಬೆಳೆದ ಮಲ್ಲೇಶ್ವರದಲ್ಲಿ ಒಂದು ಕ್ರಾಸ್ ಜಾಮ್ ಆದರೆ ಮುಂದಿನ ಕ್ರಾಸಿದೆ. ಬಡಾವಣೆಯ ನಕ್ಷೆ ಮೇಜಿನ ಮೇಲಿರುವಾಗ ಪಕ್ಕದ ಜಾಗಕ್ಕೆ ಒಂದು ದಾರಿ ಬಿಡಿ ಅಂತ ಬರೆಸುವುದಕ್ಕೆ ಹೆಚ್ಚು ಖರ್ಚಿಲ್ಲ. ಸೈಟು ಮಾರಿದ ಮೇಲೆ ಯಾವ ಅಧಿಕಾರಿ ಬಂದರೂ ಆ ಗೋಡೆ ಒಡೆಸುವುದು ಕಷ್ಟ.

ಇಲ್ಲಿರುವ ಕನ್ನಡದವರಿಗೆ ಒಂದು ಮಾತು. ನಿಮ್ಮ ಮನೆ ಹತ್ತಿರ ಪ್ರಾಜೆಕ್ಟ್ ಬಂದರೆ ನಗರದ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ನಕ್ಷೆ ಸಿಗುತ್ತದೆ. ಸೈಟ್ ಪ್ಲಾನ್ ತೆಗೆದು ಗೇಟು ಎಲ್ಲಿದೆ, ವ್ಯಾನ್ ಎಲ್ಲಿ ನಿಲ್ಲುತ್ತದೆ, ಸ್ಕೂಲಿಗೆ ನಡೆದು ಹೋಗುವ ದಾರಿ ಆ ಡ್ರೈವ್‌ವೇ ದಾಟುತ್ತದಾ ಅಂತ ನೋಡಿ. ಹೀಗೆ ಶೀಟ್ ನಂಬರ್ ಹಾಕಿ ಬರೆದರೆ ಅರ್ಜಿದಾರರಿಂದ ಉತ್ತರ ಕೇಳಲು ನನಗೆ ದಾರಿಯಾಗುತ್ತದೆ. "ಟ್ರಾಫಿಕ್ ಜಾಸ್ತಿ ಆಗುತ್ತೆ" ಅಂತ ಒಂದೇ ಪತ್ರಕ್ಕೆ ನಲವತ್ತು ಜನ ಸಹಿ ಹಾಕಿ ಕಳಿಸಿದರೆ, ಓದಿ ಫೈಲಿಗೆ ಸೇರಿಸುತ್ತೇವೆ, ಅಷ್ಟೇ.