ಹದಿನಾಲ್ಕನೆಯ ಸೀನು

ನಮ್ಮ ಮನೆಯಲ್ಲಿ ಬೆಳಗಾಗುವುದು ನನ್ನ ಸೀನಿನಿಂದ. ಹಾಸಿಗೆಯಲ್ಲಿ ಎದ್ದು ಕೂತು ಕಾಲು ನೆಲಕ್ಕೆ ತಾಗಿಸುವಷ್ಟರಲ್ಲಿ ಮೊದಲನೆಯದು ಬರುತ್ತದೆ. ಒಂದು ಬಂದರೆ ಅದರ ಬೆನ್ನಿಗೆ ಇಡೀ ಬಳಗ. ಪಕ್ಕದ ಕೋಣೆಯಲ್ಲಿ ಮಗಳು ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿರುತ್ತಾಳೆ. ಹದಿನಾಲ್ಕಕ್ಕೆ ನಿಂತರೆ ಸರಿಯಾದ ಲೆಕ್ಕ. ಹನ್ನೊಂದಕ್ಕೇ ನಿಂತರೆ ‘ಇನ್ನೂ ಮೂರು ಬಾಕಿ ಅಪ್ಪಾ’ ಎಂದು ಕೂಗುತ್ತಾಳೆ, ಆ ಮೂರೂ ಬಂದೇ ಬರುತ್ತವೆ. ಹೆಂಡತಿಗೆ ಗಡಿಯಾರ ಬೇಡ. ಹದಿನಾಲ್ಕನೆಯ ಸೀನು ಕೇಳಿಸಿದರೆ ಎದ್ದು ಒಲೆ ಹಚ್ಚುತ್ತಾಳೆ.

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದರು ಹಿರಿಯರು. ಅವರಿಗೆ ಅಲರ್ಜಿ ಇರಲಿಲ್ಲವೆಂದು ಕಾಣುತ್ತದೆ. ನೆಗಡಿ ನೆಂಟನ ಹಾಗೆ: ಬರುತ್ತದೆ, ಒಂದು ವಾರ ಕಾಟ ಕೊಡುತ್ತದೆ, ಹೋಗುತ್ತದೆ. ಅಲರ್ಜಿ ಮನೆ ಅಳಿಯ. ನೆಗಡಿಯಲ್ಲಾದರೆ ಮೈ ಬಿಸಿಯಾಗುತ್ತದೆ, ಸಿಂಬಳ ಗಟ್ಟಿಯಾಗುತ್ತದೆ, ನಾಲ್ಕು ಜನ ಕನಿಕರ ತೋರಿಸುತ್ತಾರೆ. ಇದರಲ್ಲಿ ಮೂಗಿನಿಂದ ಬರುವುದು ಬರೀ ನೀರು, ಜೊತೆಗೆ ಕಣ್ಣಲ್ಲೂ ಅಂಗುಳಲ್ಲೂ ಎಂಥ ನವೆಯೆಂದರೆ ನಾಲಿಗೆಯಿಂದಲೇ ಅಂಗುಳು ಕೆರೆದುಕೊಳ್ಳುವ ವಿದ್ಯೆ ನನಗೆ ಸಿದ್ಧಿಸಿದೆ. ಕನಿಕರ ಮಾತ್ರ ಇಲ್ಲ. ಮೀಟಿಂಗಿನಲ್ಲಿ ಸೀನಿದರೆ ಅಕ್ಕಪಕ್ಕದವರು ಕುರ್ಚಿ ಸರಿಸುತ್ತಾರೆ. ‘ಹೆದರಬೇಡಿ, ಇದು ಅಂಟುವಂಥದ್ದಲ್ಲ’ ಎಂದು ಸಮಾಧಾನ ಹೇಳಹೊರಟರೆ ‘ಅಂಟು’ ಎನ್ನುವಷ್ಟರಲ್ಲಿ ಮುಂದಿನ ಸೀನು ಬಂದುಬಿಡುತ್ತದೆ.

ಈ ಕಾಯಿಲೆಗೆ ಹೆಸರಿಟ್ಟವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಗ್ರೀಕ್ ಭಾಷೆಯ ‘ಬೇರೆ’ ಮತ್ತು ‘ಕೆಲಸ’ ಎಂಬ ಎರಡು ಪದ ಸೇರಿಸಿ ‘ಅಲರ್ಜಿ’ ಎಂದರು. ಮೈ ತಾನು ಮಾಡಬೇಕಾದ್ದನ್ನು ಬಿಟ್ಟು ಬೇರೇನೋ ಮಾಡುವುದು! ನನ್ನ ಆಫೀಸಿನ ಅರ್ಧ ಜನಕ್ಕೆ ಈ ಹೆಸರು ಒಪ್ಪುತ್ತದೆ. ನಡೆಯುವುದಿಷ್ಟು: ಧೂಳಿನ ಕಣವೊಂದು ಮೂಗಿನೊಳಗೆ ಮೊದಲ ಸಲ ಬಂದಾಗ ಮೈ ಸುಮ್ಮನಿರುತ್ತದೆ, ಗುರುತು ಮಾತ್ರ ಇಟ್ಟುಕೊಳ್ಳುತ್ತದೆ. ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯ ತಯಾರಾಗಿ ಮಾಸ್ಟ್ ಎಂಬ ಕಾವಲು ಕೋಶಗಳ ಮೈಗೆ ಅಂಟಿ ಕಾಯುತ್ತದೆ. ಅದೇ ಕಣ ಮತ್ತೆ ಬಂದಿತೋ, ಕೋಶ ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತದೆ. ನವೆ, ನೀರು, ಸೀನು. ಆ ಕೋಶಗಳಿಗೆ ಹೆಸರಿಟ್ಟ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಖ್ ಒಳಗೆ ಕಿಕ್ಕಿರಿದ ಕಾಳುಗಳನ್ನು ಕಂಡು, ಇವು ಚೆನ್ನಾಗಿ ತಿಂದು ಕೊಬ್ಬಿದ ಕೋಶಗಳು ಎಂದುಕೊಂಡರಂತೆ. ಜರ್ಮನ್ನಿನ ‘ಮಾಸ್ಟ್’ ಎಂದರೆ ತಿನ್ನಿಸಿ ಕೊಬ್ಬಿಸುವುದು. ಒಳಗೆ ತುಂಬಿದ್ದು ಊಟವಲ್ಲ, ಮದ್ದುಗುಂಡು. ಹೊಟ್ಟೆಹುಳುವಿನಂಥ ದೊಡ್ಡ ವೈರಿಗಳ ಮೇಲೆ ಹೂಡಬೇಕಾದ ಅಸ್ತ್ರ ನನ್ನ ಮೂಗಿನಲ್ಲಿ ಧೂಳಿನ ಮೇಲೆ ಖರ್ಚಾಗುತ್ತಿದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಆದರೆ ಯಾವ ಗುಬ್ಬಿ? ಇದು ಗೊತ್ತಿಲ್ಲದೆ ನಾನು ಆರು ವರ್ಷ ಕಳೆದೆ. ಮೊದಲು ಅನುಮಾನ ಬಿದ್ದದ್ದು ಕಿಟಕಿಯ ಹೂಕುಂಡಗಳ ಮೇಲೆ. ಹೆಂಡತಿ ತನ್ನ ಮಕ್ಕಳಂತೆ ಸಾಕಿದ್ದ ಗಿಡಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟೆವು. ಅದರ ಬಗ್ಗೆ ಅವಳು ಇಂದಿಗೂ ಏನೂ ಅಂದಿಲ್ಲ. ಅನ್ನದೇ ಇರುವುದರಲ್ಲೇ ಎಲ್ಲ ಇದೆ. ಆಮೇಲೆ ತಿಳಿಯಿತು, ಕಣ್ಸೆಳೆಯುವ ಹೂಗಳ ಪರಾಗ ಭಾರ, ಅಂಟು. ಅದನ್ನು ಹೊರಲು ಜೇನುನೊಣವೇ ಬರಬೇಕು. ಗಾಳಿಯಲ್ಲಿ ಹಾರಿ ಮೂಗು ಹೊಗುವುದು ಹುಲ್ಲಿನಂಥ, ಬಣ್ಣವೂ ಇಲ್ಲದ ವಾಸನೆಯೂ ಇಲ್ಲದ, ಯಾರೂ ಹೂವೆಂದು ಲೆಕ್ಕಕ್ಕೇ ಹಿಡಿಯದ ಹೂಗಳ ಹಗುರ ಪರಾಗ. ‘ದಿನಾ ಒಂದು ಚಮಚ ಜೇನು ತಿನ್ನಿ, ಪರಾಗ ಒಗ್ಗಿಹೋಗುತ್ತೆ’ ಎಂದವರ ಮಾತನ್ನು ಒಂದು ವರ್ಷ ಪಾಲಿಸಿದ್ದೆ. ಆ ಜೇನಿನಲ್ಲಿದ್ದದ್ದೂ ಹೆಚ್ಚಾಗಿ ಆ ನಿರಪರಾಧಿ ಹೂಗಳ ಪರಾಗವೇ. ಜೇನು ರುಚಿಯಾಗಿತ್ತು, ಆ ಮಟ್ಟಿಗೆ ನಷ್ಟವಿಲ್ಲ.

ಹೂವಾದ ಮೇಲೆ ಗೆಳೆಯನ ಮನೆಯ ಬೆಕ್ಕು, ಅದಾದ ಮೇಲೆ ಅಗರಬತ್ತಿ, ಆಮೇಲೆ ಹಳೇ ಪುಸ್ತಕ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದಕ್ಕಾಗುತ್ತದೆಯೇ ಎನ್ನುತ್ತಾರೆ. ನಾನು ಮೂಗೊಂದನ್ನು ಬಿಟ್ಟು ಅದರ ಸುತ್ತಲಿದ್ದುದನ್ನೆಲ್ಲ ಕೊಯ್ದು ಬಿಸಾಕಿದ್ದೆ.

ಕೊನೆಗೆ ಚರ್ಮದ ಪರೀಕ್ಷೆಗೆ ಹೋದೆ. ಅದಕ್ಕೆ ಮುಂಚೆ ಕೆಲವು ದಿನ ಅಲರ್ಜಿ ಮಾತ್ರೆ ನಿಲ್ಲಿಸಬೇಕು. ಆ ದಿನಗಳಲ್ಲಿ ಮಗಳ ಎಣಿಕೆ ತಪ್ಪಿಹೋಯಿತು. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ಬಿಟ್ಟು, ಹನಿಯ ಮೂಲಕ ಮೊನೆಯಿಂದ ಸಣ್ಣಗೆ ಚುಚ್ಚಿದರು. ರಕ್ತ ಬರುವುದಿಲ್ಲ, ನೋವೂ ಅಷ್ಟಕ್ಕಷ್ಟೆ. ಕಷ್ಟವಿರುವುದು ಆಮೇಲಿನ ಹದಿನೈದು–ಇಪ್ಪತ್ತು ನಿಮಿಷ ಕೈ ಚಾಚಿ ಕೆರೆಯದೆ ಕೂರುವುದರಲ್ಲಿ. ಒಂದು ಹನಿ ಬರೀ ಉಪ್ಪುನೀರು, ಅದು ಉಬ್ಬಬಾರದು. ಇನ್ನೊಂದು ಹಿಸ್ಟಮಿನ್ನೇ, ಅದು ಉಬ್ಬಲೇಬೇಕು. ಹೂವಿನ ಪರಾಗದ ಹನಿಗಳು ತಣ್ಣಗೆ ಮಲಗಿದ್ದವು. ಬೆಕ್ಕಿನ ಹನಿಯೂ ಸುಮ್ಮನಿತ್ತು. ಕೊನೆಯ ಸಾಲಿನ ಒಂದು ಮಾತ್ರ ಸೊಳ್ಳೆ ಕಚ್ಚಿದ ಹಾಗೆ ಎದ್ದು, ಬೆಳ್ಳಗಾಗಿ, ಸುತ್ತ ಕೆಂಪೇರಿ, ಹಿಸ್ಟಮಿನ್ನಿನ ಗುಳ್ಳೆಯನ್ನೂ ಮೀರಿಸಿತು. ಡಾಕ್ಟರು ಸ್ಕೇಲಿಟ್ಟು ಅಳೆದರು. ಮೂರು ಮಿಲಿಮೀಟರಿದ್ದರೆ ಸಾಕಂತೆ, ನನ್ನದು ಒಂಬತ್ತು. ‘ಧೂಳುನುಸಿ’ ಎಂದರು. ‘ದಿಂಬು ಹಳೆಯದಾ?’ ಎಂದು ಕೇಳಿದರು.

ಹಳೆಯದೇ. ಆರೂ ವರ್ಷ ನಾನು ಊರೆಲ್ಲ ಹುಡುಕಿದ ಕಳ್ಳನ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದೆ.

ಈ ನುಸಿಗೆ ಎಂಟು ಕಾಲು, ಉದ್ದ ಮಿಲಿಮೀಟರಿನ ಮೂರನೆಯ ಒಂದಂಶಕ್ಕಿಂತಲೂ ಕಮ್ಮಿ. ಕಚ್ಚುವುದಿಲ್ಲ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತಿನ್ನುವುದು ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು. ನನಗೆ ಆಗದಿರುವುದು ಮುಖ್ಯವಾಗಿ ಅದರ ಹಿಕ್ಕೆ. ಅಂದರೆ ನನ್ನನ್ನೇ ತಿಂದು, ಅರಗಿಸಿ, ಅದರಿಂದ ನನ್ನನ್ನೇ ಸೀನಿಸುತ್ತದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ಉಪಶಮನದ ಕಥೆಯೂ ಇಂಥದ್ದೇ ಎಡವಟ್ಟು. ಮೊದಮೊದಲು ಮೂಗಿಗೆ ಬಿಡುವ ಹನಿಯೊಂದು ಸಿಕ್ಕಿತ್ತು. ಐದೇ ನಿಮಿಷದಲ್ಲಿ ಮೂಗಿನ ಎರಡೂ ಬಾಗಿಲು ತೆರೆದು ಒಳಗೆ ತಂಗಾಳಿ! ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬಳಸಬಾರದೆಂದು ಚೀಟಿಯಲ್ಲಿ ಬರೆದಿತ್ತು; ಅಷ್ಟು ಸಣ್ಣ ಅಕ್ಷರ ಓದುವ ವ್ಯವಧಾನ ಯಾರಿಗೆ. ಎರಡು ವಾರದಲ್ಲಿ ಹನಿ ಬಿಡದಿದ್ದರೆ ಮೂಗು ತೆರೆಯುವುದೇ ಇಲ್ಲ ಎಂಬಲ್ಲಿಗೆ ಬಂತು. ಹನಿಯಿಂದ ಕುಗ್ಗಿದ ರಕ್ತನಾಳಗಳು ಅದರ ಪ್ರಭಾವ ಇಳಿದೊಡನೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತವೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಬಿಡಿಸಿಕೊಳ್ಳಲು ಹತ್ತು ರಾತ್ರಿ ಬಾಯಲ್ಲಿ ಉಸಿರಾಡಿದೆ.

ಆಮೇಲೆ ಮಾತ್ರೆ. 1940ರ ದಶಕದ ಹಳೇ ತಳಿಯದು ಮಿದುಳಿಗೂ ಇಳಿಯುವ ಜಾತಿ. ಸೀನು ನಿಂತಿತು, ನಾನೂ ನಿಂತಲ್ಲೇ ತೂಗಿದೆ. ಹೊಸ ತಳಿಯವು ವಾಸಿ, ಅಷ್ಟು ನಿದ್ದೆ ತರುವುದಿಲ್ಲ.

ಸ್ಟಿರಾಯ್ಡ್ ಸ್ಪ್ರೇ ಬಗ್ಗೆ ನಾನು ಕ್ಷಮೆ ಕೇಳಬೇಕು. ಎರಡು ದಿನ ಹಾಕಿ, ಏನೂ ಪ್ರಯೋಜನವಿಲ್ಲವೆಂದು ಬೈದು ಮೂಲೆಗೆ ಎಸೆದಿದ್ದೆ. ಅದು ಹನಿಯ ಹಾಗೆ ಓಡಿಬರುವ ಆಳಲ್ಲ, ದಿನವೂ ಹಾಕಿದರೆ ಕೆಲವು ದಿನಗಳಾದ ಮೇಲೆ ನಿಧಾನವಾಗಿ ಕೆಲಸ ತೋರಿಸುತ್ತದೆ. ಅದೂ ಅಲ್ಲದೆ ನಾನು ತಲೆ ಹಿಂದೆ ಚೆಲ್ಲಿ, ಮೂಗಿನ ನಡುಗೋಡೆಗೇ ಹೊಡೆದು, ಸೊರ್ರೆಂದು ಎಳೆದು ನುಂಗುತ್ತಿದ್ದೆ. ಹೊಟ್ಟೆಗೇನು ಅಲರ್ಜಿಯೇ? ಡಾಕ್ಟರು ಕೈ ಹಿಡಿದು ತೋರಿಸಿದರು: ತಲೆ ತುಸು ಬಗ್ಗಿಸು, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ, ಮೊನೆ ಹೊರಗೋಡೆಯ ಕಡೆಗಿರಲಿ, ಮೆಲ್ಲಗೆ ಉಸಿರೆಳೆ. ಕೈ ಅದಲುಬದಲಾದದ್ದೇ ತಡ, ಮೊನೆ ತಾನಾಗಿ ಸರಿಯಾದ ಕಡೆ ತಿರುಗಿತು.

ಉಳಿದದ್ದೆಲ್ಲ ಮನೆಗೆಲಸ. ನುಸಿ ನುಸುಳದ ಒತ್ತುನೆಯ್ಗೆಯ ದಿಂಬಿನ ಚೀಲ. ವಾರಕ್ಕೊಮ್ಮೆ ಹೊದಿಕೆ, ಹಾಸುಗಳಿಗೆ 60 ಡಿಗ್ರಿ ಬಿಸಿನೀರು; ತಣ್ಣೀರಿನಲ್ಲಿ ನುಸಿ ಸ್ನಾನ ಮಾಡಿ ಬದುಕಿ ಬರುತ್ತದೆ. ಧೂಳು ಕೊಡವುವುದರ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ಮೂಗು ತೊಳೆಯುವುದು. ಮೊದಲ ದಿನ ಅದು ಗಂಟಲಿಗಿಳಿದು ನಾನು ಕೆಮ್ಮಿದ ರೀತಿಗೆ ಮಗಳು ಅದನ್ನು ಹೊಸ ಕಾಯಿಲೆಯೆಂದೇ ತಿಳಿದಳು. 1911ರಲ್ಲಿ ಲಂಡನ್ನಿನ ವೈದ್ಯ ಲೆನಾರ್ಡ್ ನೂನ್ ತೋರಿಸಿಕೊಟ್ಟ ದಾರಿಯೂ ಒಂದಿದೆ: ಆಗದ ವಸ್ತುವನ್ನೇ ಚೂರುಚೂರಾಗಿ ಮೈಗೆ ಕೊಟ್ಟು ರೂಢಿ ಮಾಡಿಸುವುದು. ಮೂರರಿಂದ ಐದು ವರ್ಷ ಹಿಡಿಯುತ್ತದಂತೆ. ಯೋಚಿಸುತ್ತಿದ್ದೇನೆ.

ನನ್ನದು ನಗಬಹುದಾದ ಅಲರ್ಜಿ, ಅದು ಪುಣ್ಯ. ತಿಂದದ್ದೋ ಕಚ್ಚಿದ್ದೋ ಆಗದೆ ಗಂಟಲು ಊದಿ, ಉಸಿರು ಕಟ್ಟಿ, ಕಣ್ಣು ಕತ್ತಲಿಟ್ಟರೆ ಅಲ್ಲಿ ಮಾತ್ರೆ ಹುಡುಕುತ್ತ ಕೂರಬಾರದು. ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು, ಕೂಡಲೇ ಆಸ್ಪತ್ರೆ.

ಹೊಸ ದಿಂಬು ಬಂದು ಮೂರು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಎದ್ದು ಕೂತೆ, ಒಂದು ಸೀನು ಬಂತು, ಇನ್ನೊಂದು ಬಂತು, ಮೂರನೆಯದು ಬರುವ ಹಾಗೆ ಮಾಡಿ ವಾಪಸು ಹೋಯಿತು. ಕಾದೆ. ಇಲ್ಲ. ಸುಮ್ಮನೆ ಹಾಸಿಗೆಯ ಅಂಚಿನಲ್ಲಿ ಕೂತು ಎರಡೂ ಹೊಳ್ಳೆಯಲ್ಲಿ ಗಾಳಿ ಎಳೆದು ಬಿಟ್ಟೆ. ಆ ಕಡೆ ಕೋಣೆಯಲ್ಲಿ ಎಣಿಕೆ ಎರಡಕ್ಕೇ ನಿಂತುಹೋಗಿತ್ತು. ಒಲೆ ಹಚ್ಚಿದ ಸದ್ದೂ ಇಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು. ಹೆಂಡತಿ ತಲೆಯೊಂದನ್ನೇ ಒಳಗೆ ಹಾಕಿ ನೋಡಿದಳು. ‘ಯಾಕ್ರೀ, ಹುಷಾರಿಲ್ವಾ?’