ಕಾರಿನ ಸರ್ವಿಸ್ ಸೆಂಟರಿನಲ್ಲಿ ಕೋಡ್ ಯಾವುದು ಅಂತ, ಅಂದರೆ ಗಾಡಿಯ ಕಂಪ್ಯೂಟರು ದೋಷಕ್ಕೆ ಕೊಡುವ ನಂಬರ್ ಯಾವುದು ಅಂತ, ಕೇಳಿದ್ದಕ್ಕೆ ಇಷ್ಟು ಮುಖ ಊದಿಸುವುದು ಯಾಕೆ?

ಎಸ್ಟಿಮೇಟ್ ಕಾಗದ ಇನ್ನೂ ನನ್ನ ಮೇಜಿನ ಮೇಲೆಯೇ ಉಂಟು. ಅದರಲ್ಲಿ ಇರುವುದು ಒಂದೇ ಸಾಲು. ಟೈಲ್‌ಗೇಟ್ ಡ್ರೈವ್ ಎಡ, ಬಲ, ಕಂಟ್ರೋಲ್ ಮಾಡ್ಯೂಲ್, ಎಲ್ಲ ಬದಲಾವಣೆ. ಅಂದರೆ ಡಿಕ್ಕಿ ಬಾಗಿಲನ್ನು ತಾನಾಗಿ ಎತ್ತುವ ಎರಡು ಮೋಟಾರು ರಾಡು, ಅವನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ, ಮೂರೂ. ಪಕ್ಕದಲ್ಲಿ ಲಕ್ಷದ ಹತ್ತಿರದ ಮೊತ್ತ, ಕೆಳಗೆ ಒಂದು ಸೀಲು. ಎಂಥದು ಹಾಳಾಗಿದೆ, ಹೇಗೆ ಗೊತ್ತಾಯಿತು, ಒಂದಕ್ಷರ ಇಲ್ಲ. ನಿನ್ನೆ ಸಂಜೆ ಅದೇ ಡಿಕ್ಕಿ ಬಾಗಿಲು ನಮ್ಮ ಅಂಗಳದಲ್ಲಿ ಬಟನ್ ಒತ್ತಿದ ಕೂಡಲೇ ಎದ್ದು ನಿಂತಿತು. ಬದಲಾಯಿಸಿದ್ದು ಗೇಣುದ್ದದ ಕೆಲವು ವಯರು. ಖರ್ಚು ಹೇಳಿದರೆ ನೀವು ನಗುತ್ತೀರಿ. ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.

ನಾನು ಬ್ಯಾಂಕಿನಲ್ಲಿ ಇದ್ದವ ಅಂತ ನಿಮಗೆಲ್ಲ ಗೊತ್ತು. ನಮ್ಮ ಕಡೆ ಅದೇನು ದೊಡ್ಡ ಸಂಗತಿಯೂ ಅಲ್ಲ. ಐದು ಬ್ಯಾಂಕು ಹುಟ್ಟಿದ ಹಳೇ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ, ಮನೆಗೊಬ್ಬ ಬ್ಯಾಂಕಿನವ. (ಅದರಲ್ಲಿ ಮೂರು ಈಗ ಬೋರ್ಡಿನಲ್ಲೂ ಇಲ್ಲ. ಆ ಸಿಟ್ಟು ಇನ್ನೊಂದು ದಿನಕ್ಕೆ.) ಗಿರಾಕಿ ಬಂದು ತನ್ನ ಖಾತೆಯ ಸ್ಟೇಟ್‌ಮೆಂಟ್ ಕೇಳುತ್ತಾನೆ. ‘ಅದು ನಮ್ಮ ಒಳಗಿನ ವಿಷಯ, ನೀವು ಸುಮ್ನೆ ದುಡ್ಡು ಕಟ್ಟಿ’ ಅಂತ ನಾನು ಹೇಳಿದ್ದಿದ್ದರೆ ಮರುದಿನವೇ ಹೆಡ್ಡಾಫೀಸಿಗೆ ದೂರು ಹೋಗುತ್ತಿತ್ತು. ಕಾರಿನ ವಿಷಯದಲ್ಲಿ ಅದೇ ಮಾತನ್ನು ಎಸಿ ಲೌಂಜಿನಲ್ಲಿ ಕೂರಿಸಿ, ಕಾಫಿ ಕೊಟ್ಟು ಹೇಳುತ್ತಾರೆ. ನಾವು ಕಾಫಿ ಕುಡಿದು ತಲೆಯಾಡಿಸುತ್ತೇವೆ.

ಸರ್ವಿಸ್ ಸೆಂಟರಿನ ಹುಡುಗನ ಜೊತೆ ಮಾತುಕತೆ ಹೀಗೆ ನಡೆಯಿತು.

‘ಸ್ಕ್ಯಾನ್ ಮಾಡಿದ್ರಾ?’
‘ಮಾಡಿದ್ದೇವೆ ಸರ್.’
‘ಕೋಡ್ ಯಾವುದು ಬಂತು?’
‘ಅದು ಸಿಸ್ಟಮ್‌ನಲ್ಲಿ ಉಂಟು ಸರ್.’
‘ಒಂದು ಪ್ರಿಂಟ್ ಕೊಡಿ.’
‘ಕೊಡ್ಲಿಕ್ಕೆ ಪರ್ಮಿಷನ್ ಇಲ್ಲ ಸರ್.’

ಹೋಗಲಿ ಅಂತ ಬಿಲ್ ನೋಡಿದರೆ ಸ್ಕ್ಯಾನಿಂಗ್ ಚಾರ್ಜ್ ಹಾಕಿದ್ದಾರೆ! ಪರೀಕ್ಷೆಯ ದುಡ್ಡು ನನ್ನದು, ಗಾಡಿ ನನ್ನದು, ಫಲಿತಾಂಶ ಮಾತ್ರ ಅವರದ್ದು. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನಿಗೆ ಟಾರ್ಗೆಟ್ ಇರುತ್ತದೆ. ಟಾರ್ಗೆಟ್ ಅಂದರೆ ಎಂಥದು ಅಂತ ಬ್ಯಾಂಕಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಒಂದು ಗುಟ್ಟು. ನಾನು ಟಾಪ್ ಮಾಡೆಲ್ ತೆಗೆದುಕೊಂಡದ್ದೇ ಆ ಬಾಗಿಲಿಗೋಸ್ಕರ. ಮೈಲೇಜು, ಸೇಫ್ಟಿ, ಗ್ರೌಂಡ್ ಕ್ಲಿಯರೆನ್ಸ್ ಅಂತ ಮನೆಯಲ್ಲಿ ಭಾಷಣ ಬಿಗಿದದ್ದೆಲ್ಲ ಆಮೇಲಿನ ಕಥೆ. ಶೋರೂಮಿನಲ್ಲಿ ಅದು ಮೆಲ್ಲ ಮೆಲ್ಲ ಎದ್ದದ್ದನ್ನು ನೋಡಿ ನಾನು ಮರುಳಾದೆ, ಅಷ್ಟೇ. ಹೆಂಡತಿಗೆ ಆಗಲೇ ಗೊತ್ತಾಗಿತ್ತಂತೆ. ಹೇಳಲಿಲ್ಲ.

ಕಳೆದ ಮಳೆಗಾಲ ಮುಗಿಯುವಾಗ ತೊಂದರೆ ಶುರುವಾಯಿತು. ಅರ್ಧಕ್ಕೆ ಏಳುವುದು, ಅಲ್ಲೇ ನಿಂತು ಬೀಪ್ ಬೀಪ್ ಅನ್ನುವುದು. ಒಮ್ಮೊಮ್ಮೆ ಸರಿಯಾಗಿಯೇ ಇರುತ್ತಿತ್ತು. ಒಂದು ದಿನ ಮಂಗಳೂರು ದಕ್ಕೆಯಿಂದ ಬಂಗುಡೆ, ಬೂತಾಯಿ ತಂದು ಅಂಗಳದಲ್ಲಿ ನಿಲ್ಲಿಸಿದರೆ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಬಿಸಿಲು ಏರುತ್ತಿತ್ತು. ಮೀನು ಒಳಗೆ, ನಾವು ಹೊರಗೆ. ಕೊನೆಗೆ ಹಿಂದಿನ ಸೀಟು ಮಡಚಿ ನಾನೇ ಒಳಗೆ ತೂರಿ, ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ಕಿನ ಸಣ್ಣ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಲ್ಲಿ ಲಾಚಿನ ಕೊಕ್ಕೆ ಸರಿಸಿದೆ. ಈ ತುರ್ತು ಕೊಕ್ಕೆ ತುಂಬ ಗಾಡಿಗಳಲ್ಲಿ ಉಂಟು. ಮ್ಯಾನ್ಯುವಲ್ ಓದಿ ಇಟ್ಟುಕೊಳ್ಳಿ, ಮೀನು ತರುವ ಮೊದಲು. ನನ್ನ ವಯಸ್ಸಿಗೆ, ನನ್ನ ಹೊಟ್ಟೆಗೆ ಅದು ಚಂದದ ದೃಶ್ಯ ಅಲ್ಲ. ಪಕ್ಕದ ಮನೆಯವರು ನೋಡಿದ್ದಾರೆ.

ಈ ಬಾಗಿಲು ಕೆಲಸ ಮಾಡುವುದು ಹೇಗೆ ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥ ಆಗುವುದಿಲ್ಲ. ಸಾದಾ ಗಾಡಿಯಲ್ಲಿ ಡಿಕ್ಕಿ ಬಾಗಿಲನ್ನು ಹಿಡಿಯುವುದು ಎರಡು ಗ್ಯಾಸ್ ರಾಡು. ಪವರ್ ಬಾಗಿಲಿನಲ್ಲಿ ಆ ಜಾಗಕ್ಕೆ ಸ್ಪಿಂಡಲ್ ಡ್ರೈವ್ ಬರುತ್ತದೆ. ಅದರೊಳಗೆ ಒಂದು ಚಿಕ್ಕ ಮೋಟಾರು, ಗೇರು, ಉದ್ದದ ಸ್ಕ್ರೂ, ಭಾರ ಹೊರಲಿಕ್ಕೆ ಗಟ್ಟಿ ಸ್ಪ್ರಿಂಗು. ಮೋಟಾರು ಎಷ್ಟು ಸುತ್ತಿತು ಅಂತ ಎಣಿಸಲಿಕ್ಕೆ ಹಾಲ್ ಸೆನ್ಸರ್. ಆ ಎಣಿಕೆ ಕಂಟ್ರೋಲ್ ಮಾಡ್ಯೂಲಿಗೆ ಹೋಗುತ್ತದೆ. ಬಾಗಿಲು ಎಲ್ಲಿಗೆ ತಲುಪಿತು ಅಂತ ಅದಕ್ಕೆ ತಿಳಿಯುವುದು ಆ ಎಣಿಕೆಯಿಂದಲೇ. ಎಣಿಕೆ ನಿಂತರೆ ಎಂಥದೋ ಅಡ್ಡ ಬಂತು, ಮಗುವಿನ ಕೈಯೂ ಇರಬಹುದು ಅಂತ ಅದು ಬಾಗಿಲನ್ನು ನಿಲ್ಲಿಸುತ್ತದೆ. ಅದು ಸರಿಯೇ.

ಈಗ ಕೇಳಿ. ಸೆನ್ಸರ್ ಹಾಳಾದರೂ ಎಣಿಕೆ ನಿಲ್ಲುತ್ತದೆ, ಸೆನ್ಸರಿನ ವಯರು ತುಂಡಾದರೂ ನಿಲ್ಲುತ್ತದೆ. ಬಾಡಿಯಿಂದ ಬಾಗಿಲಿಗೆ ಹೋಗುವ ವಯರೆಲ್ಲ ಹಿಂಜಿನ ಹತ್ತಿರ ಒಂದು ರಬ್ಬರ್ ಕೊಳವೆಯೊಳಗೆ ಹೋಗುತ್ತವೆ. ಬಾಗಿಲು ಎದ್ದಾಗಲೆಲ್ಲ ಅಲ್ಲಿ ಬಾಗುತ್ತವೆ, ಮುಚ್ಚಿದಾಗ ಮತ್ತೆ ಬಾಗುತ್ತವೆ. ವರ್ಷಗಟ್ಟಲೆ ಹೀಗಾದರೆ ತಾಮ್ರದ ಎಳೆಗಳು ಒಳಗೊಳಗೇ ಕಡಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ನಮ್ಮ ಸುರತ್ಕಲ್‌ನಲ್ಲಿ ಕೇಳಬೇಕಾ? ಸಮುದ್ರದ ಗಾಳಿಗೆ ಗೇಟಿನ ಸರಪಳಿಯೇ ಪುಡಿಯಾಗುತ್ತದೆ, ತಾಮ್ರ ಹಸಿರಾಗದೆ ಇರುತ್ತದಾ?

ಅದೇ ಕೊಳವೆಯಲ್ಲಿ ರಿವರ್ಸ್ ಕ್ಯಾಮೆರಾ ವಯರೂ ಹೋಗುತ್ತದೆ. ಬಾಗಿಲು ತೊಂದರೆ ಕೊಟ್ಟ ದಿನ ಕ್ಯಾಮೆರಾದಲ್ಲಿ ಗೆರೆ ಬರುತ್ತಿತ್ತು, ನಂಬರ್ ಪ್ಲೇಟಿನ ಲೈಟು ಮಿಣುಕುತ್ತಿತ್ತು. ಇದನ್ನು ನಾನು ಸರ್ವಿಸ್ ಸೆಂಟರಿನಲ್ಲಿ ಬಾಯಿಬಿಟ್ಟು ಹೇಳಿದ್ದೆ. ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ. ಮೂರಕ್ಕೂ ಸಾಮಾನ್ಯ ಏನು ಅಂತ ಯೋಚಿಸಲಿಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಡ. ಅವರು ಕ್ಯಾಮೆರಾಕ್ಕೂ ಬೇರೆ ಎಸ್ಟಿಮೇಟ್ ಹಾಕುತ್ತೇವೆ ಅಂದರು ಮಾರಾಯ್ರೆ!

ಅಲ್ಲಿಂದ ಎದ್ದು ಬಂದವ ಮನೆಯಲ್ಲೇ ಕೋಡ್ ಓದುವ ವ್ಯವಸ್ಥೆ ಮಾಡಲಿಕ್ಕೆ ಕೂತೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಒಬಿಡಿ. ಗಾಡಿಯ ಕಂಪ್ಯೂಟರಿನ ಹತ್ತಿರ ದೋಷ ಕೇಳಿ ತಿಳಿಯುವ ಕಿಂಡಿ ಅದು. ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರಲ್ಲಿ. ಆದರೆ ಕಾನೂನಿಗೆ ಬೇಕಾಗಿದ್ದದ್ದು ಹೊಗೆಯ ಲೆಕ್ಕ. ಹಾಗಾಗಿ ಇಂಜಿನ್ನಿನ ಸಾಮಾನ್ಯ ಕೋಡ್‌ಗಳನ್ನು ಯಾರು ಬೇಕಾದರೂ ಓದಬಹುದು. ಕೋಡಿನ ಮೊದಲ ಅಕ್ಷರ ಪಿ ಆದರೆ ಇಂಜಿನ್ ಮತ್ತು ಗೇರು, ಸಿ ಆದರೆ ಚಾಸಿಸ್, ಬಿ ಆದರೆ ಬಾಡಿ, ಯು ಆದರೆ ಮಾಡ್ಯೂಲುಗಳ ನಡುವಿನ ಮಾತುಕತೆ. ಡಿಕ್ಕಿ ಬಾಗಿಲು ಬರುವುದು ಬಾಡಿಯಲ್ಲಿ. ಅದರ ಕೋಡ್‌ಗಳು ಕಂಪನಿ ಕಂಪನಿಗೆ ಬೇರೆ. ಬೀಗ ಇರುವುದು ಅಲ್ಲಿಯೇ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಬ್ಬಿ ತಂದು ಚುಚ್ಚಿ ‘ಎಲ್ಲ ಸರಿ ಉಂಟು’ ಅಂತ ಖುಷಿಪಡುವವರು ತುಂಬ ಜನ. ಅದರ ಜೊತೆ ಬಳಸುವ ಸಾದಾ ಆ್ಯಪ್ ಸಾಮಾನ್ಯವಾಗಿ ಇಂಜಿನ್ನನ್ನು ಮಾತ್ರ ವಿಚಾರಿಸುತ್ತದೆ. ಬಾಡಿಗೆ ಆಯಾ ಕಂಪನಿಯ ಭಾಷೆ ಗೊತ್ತಿರುವ ಸಾಫ್ಟ್‌ವೇರ್ ಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಇದ್ದವರಿಗೆ ವಿಸಿಡಿಎಸ್ ಉಂಟು. ಫೋರ್ಡ್ ಇದ್ದವರಿಗೆ ಫೋರ್‌ಸ್ಕ್ಯಾನ್ ಉಂಟು, ವಿಂಡೋಸಿನಲ್ಲಿ ಕೋಡ್ ಓದಲಿಕ್ಕೆ ದುಡ್ಡೂ ಬೇಡ. ಎರಡನ್ನೂ ಮಾಡಿದ್ದು ಕಾರು ಕಂಪನಿಗಳಲ್ಲ, ಹೊರಗಿನವರು. ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇನೆ ಅಂತ 2021ರಲ್ಲಿ ಹೇಳಿತು. ಗಾಡಿಗಳು ಇನ್ನೂ ರಸ್ತೆಯಲ್ಲಿ ಓಡುತ್ತಿವೆ. ಇಂಥ ಸಾಫ್ಟ್‌ವೇರ್ ಇಲ್ಲದಿದ್ದರೆ ಆ ಗಾಡಿ ಇದ್ದವರ ಗತಿ ಎಂಥದು? ನನ್ನ ಗಾಡಿ ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಕಮೆಂಟಿನಲ್ಲಿ ‘ಆ ಕಂಪನಿ ಯಾಕೆ ತಗೊಂಡ್ರಿ’ ಅಂತ ಶುರುವಾಗುತ್ತದೆ. ವಿಷಯ ಅದಲ್ಲ.

ಹಳೇ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕುವುದು ಸುಲಭ, ಕೇಬಲ್ಲಿನ ಜೊತೆ ಮಾತಾಡಿಸುವುದೇ ಕಷ್ಟ. ಕೇಬಲ್ಲಿನ ಡ್ರೈವರ್ ಸಾಫ್ಟ್‌ವೇರ್ ಬೇರೆ ಹಾಕಬೇಕು. ಪೋರ್ಟ್ ನಂಬರ್ ಎರಡೂ ಕಡೆ ಒಂದೇ ಇರಬೇಕು. ಕೆಲವು ಕೇಬಲ್ಲಿಗೆ ಲೇಟೆನ್ಸಿ ಟೈಮರ್ (ಬಂದ ಮಾತನ್ನು ದಾಟಿಸುವ ಮೊದಲು ಕೇಬಲ್ ಕಾಯುವ ಮಿಲಿಸೆಕೆಂಡು) 16ರಿಂದ 1ಕ್ಕೆ ಇಳಿಸಬೇಕು, ಇಲ್ಲದಿದ್ದರೆ ಮಾತಿನ ಮಧ್ಯೆ ಕಡಿದು ಹೋಗುತ್ತದೆ. ಪಕ್ಕದ ಮನೆಯ, ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಬಂದು ಇದನ್ನು ಹೇಳಿಕೊಟ್ಟ. (ಹೌದು, ಅದೇ ಪಕ್ಕದ ಮನೆ.) ಇನ್ನೊಂದು ಮಾತು. ಬ್ಯಾಟರಿಗೆ ಚಾರ್ಜರ್ ಹಾಕಿಯೇ ಕೂರಿ. ಇಗ್ನಿಷನ್ ಆನ್ ಮಾಡಿ ತುಂಬ ಹೊತ್ತು ಬಿಟ್ಟರೆ ವೋಲ್ಟೇಜ್ ಇಳಿಯುತ್ತದೆ, ಆಗ ಇಲ್ಲದ ರೋಗದ ಕೋಡ್‌ಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಕೊನೆಗೆ ಪರದೆಯಲ್ಲಿ ಅದು ಬಂತು. ಎಡಬದಿ ಡ್ರೈವ್, ಹಾಲ್ ಸೆನ್ಸರ್ ಸಿಗ್ನಲ್, ಸರ್ಕಿಟ್ ಓಪನ್. ಅಂದರೆ ಆ ಸೆನ್ಸರಿನ ದಾರಿ ಎಲ್ಲೋ ಕಡಿದಿದೆ ಅಂತ. ಓದಿ ಸ್ವಲ್ಪ ಹೊತ್ತು ನಾನು ಮಾತಾಡಲಿಲ್ಲ. ಇದು ಅವರ ಪರದೆಯಲ್ಲೂ ಬಂದಿರಲೇಬೇಕಲ್ವಾ? ಬಲಬದಿಯ ಸುದ್ದಿಯೇ ಇಲ್ಲ. ಮಾಡ್ಯೂಲಿನ ಸುದ್ದಿಯೂ ಇಲ್ಲ. ಮಾಡ್ಯೂಲು ಪಾಪ, ತನಗೆ ತಿಳಿದದ್ದನ್ನು ಸರಿಯಾಗಿಯೇ ಹೇಳುತ್ತಿತ್ತು. ಅದನ್ನೇ ತೆಗೆದು ಬಿಸಾಡಲಿಕ್ಕೆ ಎಸ್ಟಿಮೇಟ್!

ಲೈವ್ ಡೇಟಾ, ಅಂದರೆ ಸೆನ್ಸರು ಆ ಕ್ಷಣಕ್ಕೆ ಹೇಳುತ್ತಿರುವುದನ್ನು ತೋರಿಸುವ ಪುಟ ತೆರೆದು, ಹುಡುಗನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ನಾನು ರಬ್ಬರ್ ಕೊಳವೆಯನ್ನು ಮೆಲ್ಲ ಅಲ್ಲಾಡಿಸಿದೆ. ‘ಬಂತು ಅಂಕಲ್, ಹೋಯ್ತು ಅಂಕಲ್, ಬಂತು.’ ಕೊಳವೆ ಎಳೆದು ನೋಡಿದರೆ ಒಂದು ವಯರು ಪೂರ್ತಿ ತುಂಡು, ಕ್ಯಾಮೆರಾದ್ದು ಎರಡೆಳೆಯಲ್ಲಿ ನೇತಾಡುತ್ತಿತ್ತು.

ರಿಪೇರಿ ಮಾಡುವವರಿಗೆ ಎರಡು ಮಾತು. ತುಂಡಾದಲ್ಲೇ ತಿರುಚಿ ಟೇಪು ಸುತ್ತಬೇಡಿ. ಬಾಗುವ ಜಾಗದಲ್ಲಿ ಬೆಸುಗೆಯೂ ಬೇಡ, ಬೆಸೆದ ವಯರು ಗಟ್ಟಿಯಾಗಿ ಅದರ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಬಾಗುವ ಭಾಗಕ್ಕೆ ತೆಳು ಎಳೆಯ ಸಿಲಿಕೋನ್ ವಯರು ಹಾಕಿ, ಜೋಡಣೆಯನ್ನು ಎರಡು ಕಡೆಯೂ ಕೊಳವೆಯಿಂದ ಹೊರಗೆ ತನ್ನಿ. ಎಲ್ಲ ಜೋಡಣೆ ಒಂದೇ ಕಡೆ ಬಂದರೆ ಗಂಟಾಗುತ್ತದೆ, ಹಿಂದೆ ಮುಂದೆ ಮಾಡಿ. ಮೇಲೆ ಹೀಟ್ ಶ್ರಿಂಕ್, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ. ಇದನ್ನು ನನಗೆ ಮಾಡಿಕೊಟ್ಟದ್ದು ಕೂಳೂರಿನ ಒಬ್ಬ ಆಟೋ ಇಲೆಕ್ಟ್ರಿಷಿಯನ್. ಕೈ ಎಷ್ಟು ಚಂದ! ಅವರ ಹತ್ತಿರ ಕೋಡ್ ಓದುವ ಯಂತ್ರ ಇಲ್ಲ. ಇದ್ದಿದ್ದರೆ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಡ್ರೈವ್ ಬಿಚ್ಚುವುದಾದರೆ ಬಾಗಿಲಿಗೆ ಗಟ್ಟಿ ಕೋಲು ಕೊಟ್ಟು ನಿಲ್ಲಿಸಿ, ಅದರ ಭಾರ ತಲೆಗೆ ಒಳ್ಳೆಯದಲ್ಲ. ಡ್ರೈವಿನ ಒಳಗಿನ ಸ್ಪ್ರಿಂಗಿಗಂತೂ ಕೈ ಹಾಕಲೇಬೇಡಿ.

ಈಗ ನೀವು ಹೇಳುತ್ತೀರಿ, ಹೀಗೆ ಸಿಕ್ಕಸಿಕ್ಕವರಿಗೆಲ್ಲ ಬಿಟ್ಟರೆ ಏರ್‌ಬ್ಯಾಗಿಗೆ, ಕೀಯ ಕೋಡಿಗೆ ಕೈ ಹಾಕಿ ಅಪಾಯ ಮಾಡಿಕೊಳ್ಳುವುದಿಲ್ವಾ ಅಂತ. ಸರ್ವಿಸ್ ಮ್ಯಾನೇಜರೂ ಅದನ್ನೇ ಹೇಳಿದರು. ಸರಿ, ಮಾಡ್ಯೂಲಿನಲ್ಲಿ ಹೊಸದಾಗಿ ಬರೆದು ಬದಲಾಯಿಸುವುದಕ್ಕೆ ಬೀಗ ಹಾಕಿ, ಏರ್‌ಬ್ಯಾಗಿಗೆ ಎರಡು ಬೀಗ ಹಾಕಿ, ನಾನು ಕೇಳಿದ್ದು ಅದಲ್ಲ. ನಾನು ಕೇಳಿದ್ದು ಓದಿದ್ದನ್ನು ಹೇಳಿ ಅಂತ. ಕೋಡ್ ನಂಬರನ್ನು ಕಾಗದದಲ್ಲಿ ಬರೆದುಕೊಟ್ಟರೆ ಯಾರ ಏರ್‌ಬ್ಯಾಗ್ ಒಡೆಯುತ್ತದೆ? ವಾರಂಟಿ ಮುಗಿದ ಗಾಡಿಯ ಡಿಕ್ಕಿ ಬಾಗಿಲಿನಲ್ಲಿ ಎಂಥ ರಾಷ್ಟ್ರರಹಸ್ಯ?

ಇದು ನನ್ನೊಬ್ಬನ ತಲೆಹರಟೆಯೂ ಅಲ್ಲ. 2014ರ ಆಗಸ್ಟಿನಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿ ಮಾಡುವವರನ್ನು ವಿಚಾರಿಸುವ ಕಾಂಪಿಟಿಷನ್ ಕಮಿಷನ್ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತು. ಬಿಡಿ ಭಾಗ, ರಿಪೇರಿಯ ಪುಸ್ತಕ, ಡಯಾಗ್ನೋಸ್ಟಿಕ್ ಸಾಧನ, ಇದ್ಯಾವುದೂ ಹೊರಗಿನ ಗ್ಯಾರೇಜಿನವರಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ. ಆಮೇಲೆ ಅಪೀಲು, ಕೋರ್ಟು, ಗೊತ್ತಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರಿಪೇರಿಯ ಹಕ್ಕಿಗೆ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ವಾಹನಗಳೂ ಅದರಲ್ಲಿ ಸೇರಿವೆ. ನಮ್ಮ ಕೂಳೂರಿನ ಇಲೆಕ್ಟ್ರಿಷಿಯನ್ ಕೈಗೆ ಅದರಿಂದ ಎಂಥದು ಬಂತು ಅಂತ ಕೇಳಿದೆ. ಅವರು ‘ಯಾವ ಪೋರ್ಟಲ್ಲು?’ ಅಂತ ನನ್ನನ್ನೇ ಕೇಳಿದರು.

ನಾನು ಸರ್ವಿಸ್ ಸೆಂಟರಿಗೆ ಒಂದು ಪತ್ರ ಬರೆದಿದ್ದೇನೆ. ಬ್ಯಾಂಕಿನ ಪತ್ರದ ಹಾಗೆ, ವಿಷಯ, ಉಲ್ಲೇಖ ಎಲ್ಲ ಹಾಕಿ. ದುಡ್ಡು ವಾಪಸ್ ಕೇಳಲಿಲ್ಲ. ಸ್ಕ್ಯಾನಿಂಗ್ ಚಾರ್ಜ್ ಕೊಟ್ಟಿದ್ದೇನೆ, ಆ ದಿನದ ಸ್ಕ್ಯಾನ್ ರಿಪೋರ್ಟ್ ಕೊಡಿ ಅಂತ ಮಾತ್ರ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಸರ್ವಿಸ್ ಸೆಂಟರಿನ ಹೆಸರು ಇನ್‌ಬಾಕ್ಸಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಕೇಬಲ್ ಬೇಕಾದವರು ಕೇಳಿ, ಆದರೆ ಚಾರ್ಜರ್ ನಿಮ್ಮದೇ ತನ್ನಿ.